ಮನೆಯಲ್ಲೇ ಸ್ಪೀಕರ್ ಪೆಟ್ಟಿಗೆ: ವೂಫರ್ ಸುಡದಂತೆ ಕಟ್ಟುವುದು ಹೇಗೆ?

ಎಸ್‌.ಪಿ. ರಸ್ತೆಯಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಆರೂವರೆ ಇಂಚಿನ ವೂಫರ್, ಅಂದರೆ ತಗ್ಗಿನ ಸ್ವರ ನುಡಿಸುವ ಸ್ಪೀಕರ್, ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ಕೇಳಬೇಕಾದದ್ದು ಬೇರೆ ಮೂರು ಅಂಕಿ: ಎಫ್‌ಎಸ್ (ಕೋನ್ ತಾನಾಗಿ ಕಂಪಿಸುವ ಆವರ್ತನ), ಕ್ಯೂಟಿಎಸ್ (ಆ ಕಂಪನ ಎಷ್ಟು ಬೇಗ ಅಡಗುತ್ತದೆಂಬ ಅಳತೆ), ವಿಎಎಸ್ (ಕೋನಿನ ಹಿಡಿತದಷ್ಟೇ ಬಿಗಿಯಾದ ಗಾಳಿಯ ಪ್ರಮಾಣ, ಲೀಟರಿನಲ್ಲಿ). ಇವಿಲ್ಲದ ವೂಫರ್ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ; ಪೆಟ್ಟಿಗೆಯ ಅಳತೆ ಹುಟ್ಟುವುದೇ ಇವುಗಳಿಂದ.

ಪೋರ್ಟ್ (ಗಾಳಿ ಹೋಗಿ ಬರುವ ಕೊಳವೆ) ಇರುವ ಪೆಟ್ಟಿಗೆಯಲ್ಲಿ ಬಾಸ್ ಹೆಚ್ಚು, ನಿಜ. ಆದರೆ ಟ್ಯೂನ್ ಮಾಡಿದ ಆವರ್ತನಕ್ಕಿಂತ ಕೆಳಗೆ ಒಳಗಿನ ಗಾಳಿ ಕೋನನ್ನು (ಕಂಪಿಸುವ ಶಂಕುವಿನಾಕಾರದ ಹಾಳೆ) ತಡೆಯುವುದಿಲ್ಲ. ಕೋನ್ ಹಿಡಿತ ತಪ್ಪಿ ಓಡಾಡಿ, ಅದಕ್ಕೆ ಅಂಟಿದ ತಂತಿಸುರುಳಿ (ಕಾಯಿಲ್) ಹಿಂದಿನ ಲೋಹಕ್ಕೆ ಬಡಿಯುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿಯೇ ಸ್ಪ್ರಿಂಗ್. ಮೊದಲ ಜೋಡಿಗೆ ಅದೇ ಸರಿ. ಗೋಡೆಯ ಹತ್ತಿರ ಇಟ್ಟರೆ ಸಣ್ಣ ಕೋಣೆಗೆ ಸಾಕಾಗುವಷ್ಟು ಬಾಸ್ ಬಂದೇ ಬರುತ್ತದೆ.

ಮುಚ್ಚಿದ ಪೆಟ್ಟಿಗೆಯ ಒಳಗಾತ್ರದ ಲೆಕ್ಕ ಹೀಗೆ: 0.707ನ್ನು (ಬಾಸ್ ಉಬ್ಬದೆ ಸಮನಾಗಿ ಬರಲು ಇಟ್ಟುಕೊಳ್ಳುವ ಗುರಿ) ಕ್ಯೂಟಿಎಸ್‌ನಿಂದ ಭಾಗಿಸಿ, ವರ್ಗ ಮಾಡಿ, 1 ಕಳೆಯಿರಿ. ಬಂದ ಸಂಖ್ಯೆಯಿಂದ ವಿಎಎಸ್ ಭಾಗಿಸಿ. ಕ್ಯೂಟಿಎಸ್ 0.4, ವಿಎಎಸ್ 20 ಲೀಟರ್ ಆದರೆ ಸುಮಾರು 9.4 ಲೀಟರ್. ವೂಫರ್‌ನ ಹಿಂಭಾಗ ಮತ್ತು ಪೆಟ್ಟಿಗೆಯೊಳಗಿನ ಅಡ್ಡಪಟ್ಟಿಗೆ ಒಂದು ಲೀಟರ್ ಸೇರಿಸಿ.

ಒಳ ಅಳತೆ 17 × 34 × 18 ಸೆಂ.ಮೀ. ಇಟ್ಟರೆ 10.4 ಲೀಟರ್ ಸಿಗುತ್ತದೆ. 18 ಮಿ.ಮೀ. ಪ್ಲೈವುಡ್‌ನಲ್ಲಿ ಪ್ರತಿ ಪೆಟ್ಟಿಗೆಗೆ ಕತ್ತರಿಸಬೇಕಾದದ್ದು (ಸೆಂ.ಮೀ.ನಲ್ಲಿ): ಮುಂದೆ-ಹಿಂದೆಗೆ 20.6 × 37.6 ಎರಡು, ಪಕ್ಕಗಳಿಗೆ 37.6 × 18 ಎರಡು, ಮೇಲೆ-ಕೆಳಗೆ 17 × 18 ಎರಡು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಕಡೆ ಯಂತ್ರದಲ್ಲೇ ಕೊಯ್ಯಿಸಿ. ಕೈಗರಗಸದಲ್ಲಿ ಅಂಚು ಒಂದು ಮಿ.ಮೀ. ಡೊಂಕಾದರೂ ಸಂದಿಯಲ್ಲಿ ಗಾಳಿ ಸೋರುತ್ತದೆ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಸದ್ದಿಗೆ ಒಳ್ಳೆಯದೇ, ಆದರೆ ಬಣ್ಣ ಬಳಿಯದ ಅಂಚು ತೇವಕ್ಕೆ ಉಬ್ಬುತ್ತದೆ.

ಫೆವಿಕಾಲ್ ಹಚ್ಚಿ ಕ್ಲಾಂಪ್ ಬಿಗಿದು ರಾತ್ರಿಯಿಡೀ ಬಿಡಿ. ಒಳಸಂದಿಗಳಿಗೆ ಮತ್ತೊಂದು ಪದರ ಫೆವಿಕಾಲ್ ಎಳೆಯಿರಿ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು ಸುಮಾರು 100 ಗ್ರಾಂ ಬಿಡಿಸಿ ತುಂಬಿ, ಗಿಡಿದು ತುಂಬಬೇಡಿ. ವೂಫರ್ ಕೂರಿಸುವ ಮುನ್ನ ಮರದ ಪುಡಿ, ಲೋಹದ ಚೂರು ಒಂದೂ ಉಳಿಯದಂತೆ ವ್ಯಾಕ್ಯೂಮ್ ಹಿಡಿಯಿರಿ. ಆಯಸ್ಕಾಂತ ಎಳೆದುಕೊಂಡ ಚೂರು ಕಾಯಿಲ್‌ ಸಂದಿಗೆ ಹೋದರೆ ತೆಗೆಯುವುದು ಬಲು ಕಷ್ಟ. ಸ್ಕ್ರೂಗೆ ಮೊದಲೇ ತೂತು ಕೊರೆದು ಕೈಯಿಂದ ಬಿಗಿಯಿರಿ. ಡ್ರಿಲ್ಲಿನ ತುದಿ ಜಾರಿದರೆ ಕೋನ್ ಹರಿದಂತೆಯೇ.

ಏರು ಸ್ವರ ನುಡಿಸುವ ಸಣ್ಣ ಸ್ಪೀಕರ್, ಟ್ವೀಟರ್, ಸಾಯುವುದು ಹೆಚ್ಚಾಗಿ ಕ್ರಾಸ್‌ಓವರ್ (ಸ್ವರಗಳನ್ನು ವೂಫರ್-ಟ್ವೀಟರಿಗೆ ಹಂಚುವ ಸರ್ಕ್ಯೂಟ್) ಸರಿ ಇಲ್ಲದ್ದರಿಂದ, ಇಲ್ಲವೇ ಆಂಪ್ ಶಕ್ತಿಮೀರಿ ದುಡಿದು ಕ್ಲಿಪ್ ಆಗುವುದರಿಂದ (ಅಲೆಯ ತುದಿ ಕತ್ತರಿಸಿಹೋಗುವುದರಿಂದ). 8 ಓಮ್ ಟ್ವೀಟರಿಗೆ 3,000 ಹರ್ಟ್ಜ್‌ನಲ್ಲಿ ಕಡಿತ ಬೇಕಾದರೆ 6.8 ಮೈಕ್ರೋಫ್ಯಾರಡ್, 100 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಕನಿಷ್ಠ ರಕ್ಷಣೆ. ಜೋರಾಗಿ ಕೇಳುವವರಿಗೆ ಇದೊಂದೇ ಸಾಲದು, ಕೆಪಾಸಿಟರ್ ಜೊತೆ ಇಂಡಕ್ಟರ್ ಸುರುಳಿಯೂ ಸೇರಿದ ಎರಡನೇ ದರ್ಜೆಯ ಫಿಲ್ಟರ್ ಬೇಕು. ಸದ್ದು ಒರಟಾದರೆ ವಾಲ್ಯೂಮ್ ಇಳಿಸಿ. ಸಣ್ಣ ಆಂಪ್ ಟ್ವೀಟರನ್ನು ಸುಡಲಾರದೆಂಬುದು ಸುಳ್ಳು.

ವೂಫರಿಗೆ ದೊಡ್ಡ ಅಪಾಯ ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್. ಆಂಪ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ 35 ವೋಲ್ಟ್ ನೇರ ಕಾಯಿಲಿಗೆ. 6 ಓಮ್ ತಾಮ್ರದಲ್ಲಿ 200 ವ್ಯಾಟಿಗೂ ಮೇಲೆ ಬರೀ ಶಾಖ. ಯುಪಿಸಿ 1237 ಐಸಿಯ ರಕ್ಷಣಾ ಬೋರ್ಡ್ ಇಂಥ ಹೊತ್ತಿನಲ್ಲಿ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ತೆರೆಯುತ್ತದೆ, ಕರೆಂಟ್ ಹೋಗಿ ಬಂದಾಗಿನ ‘ಧಡ್’ ಸದ್ದನ್ನೂ ತಡೆಯುತ್ತದೆ. ರಿಲೇಯ ಕಾಮನ್ ಕಾಲಿಗೆ ಸ್ಪೀಕರ್, ತೆರೆದ (ಎನ್‌ಒ) ಕಾಲಿಗೆ ಆಂಪ್, ಮುಚ್ಚಿದ (ಎನ್‌ಸಿ) ಕಾಲಿಗೆ ಗ್ರೌಂಡ್ ಕೊಡಿ. ತೆರೆದ ಸಂಪರ್ಕದ ನಡುವೆ ಡಿಸಿ ಕಿಡಿ ಹತ್ತಿಕೊಂಡರೂ ಅದು ಗ್ರೌಂಡಿಗೆ ಹರಿದು ಕಾಯಿಲ್ ಉಳಿಯುತ್ತದೆ. ಸ್ಪೀಕರಿನ ಎರಡೂ ತಂತಿಗೆ ಸಿಗ್ನಲ್ ಕೊಡುವ ಬ್ರಿಡ್ಜ್ ಆಂಪಿಗೆ ಈ ಜೋಡಣೆ ಸಲ್ಲದು.

ಕೊನೆಗೆ 1.5 ವೋಲ್ಟಿನ ಸೆಲ್ಲನ್ನು ವೂಫರಿಗೆ ಮಾತ್ರ ಒಂದು ಕ್ಷಣ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್ ಸೇರಿದಾಗ ಎರಡೂ ಪೆಟ್ಟಿಗೆಯ ಕೋನ್ ಹೊರಗೆ ಬರಬೇಕು. ಆಮೇಲೆ ಕೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ನಿಧಾನವಾಗಿ ಮರಳಿದರೆ ಸಂದಿಗಳು ಭದ್ರ. ತಟ್ಟನೆ ಮರಳಿದರೆ ಸ್ಕ್ರೂ ಬಿಚ್ಚಿ ಗ್ಯಾಸ್ಕೆಟ್ ನೋಡಿ.