ಬೂಟಿನೊಳಗಿನ ಕೆಸರುಹುಣ್ಣು

ನಾಟಿ ಶುರುವಾದರೆ ಅಮ್ಮನ ಕಾಲ್ಬೆರಳ ಸಂದಿ ಬೆಳ್ಳಗೆ ಬೆಂದು ಬಿರಿಯುತ್ತಿತ್ತು. ರಾತ್ರಿ ಮದರಂಗಿ ಅರೆದು ಹಚ್ಚಿಕೊಂಡು ಕೂರುತ್ತಿದ್ದಳು. ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಮಿಜೋರಾಂಗೆ ಹೋದ ಮೊದಲ ಮಳೆಗಾಲ, ಎಂ.ಐ. ರೂಮಿನ (ಪಡೆಯವರನ್ನು ಪರೀಕ್ಷಿಸುವ ಚಿಕಿತ್ಸಾ ಕೋಣೆ) ಬೆಂಚಿನಲ್ಲಿ ಬೂಟು ಬಿಚ್ಚಿದ ಜವಾನನ ಕಾಲು ನೋಡಿ ನೆನಪಾದದ್ದು ಅದೇ ಕೆಸರುಹುಣ್ಣು. ಗದ್ದೆಗಿಳಿಯದವನಿಗೆ ಇದೆಲ್ಲಿಂದ ಬಂತು?

ಇದು ಹೆಚ್ಚಾಗಿ ಟ್ರೈಕೋಫೈಟಾನ್ ಎಂಬ ಶಿಲೀಂಧ್ರದ ಕೆಲಸ. ನಮ್ಮ ಡಾಕ್ಟರ್ ಸಾಹೇಬರು ಕಲಿಸಿದ್ದು ಒಂದೇ: ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಬಿಡಿಸಿ ನೋಡು. ಎಲ್ಲಕ್ಕಿಂತ ಇಕ್ಕಟ್ಟಿನ ಸಂದಿ ಅದು, ಗಾಳಿಯಾಡುವುದಿಲ್ಲ. ಕೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ತುರಿಕೆಗೆಲ್ಲ ಸಿಕ್ ರಿಪೋರ್ಟ್ ಮಾಡುವುದು ಅವಮಾನ! ಹಾಗಾಗಿ ಫುಟ್ ಇನ್‌ಸ್ಪೆಕ್ಷನ್ ದಿನ ನಾನೇ ಒಬ್ಬೊಬ್ಬರನ್ನೂ ವಿಚಾರಿಸತೊಡಗಿದೆ. ಬೂಟು ಎಷ್ಟು ಹೊತ್ತು ಕಾಲಲ್ಲಿತ್ತು? ಒಣಗಿದ ಕಾಲುಚೀಲ ಎಷ್ಟು ಜೊತೆ ಇದೆ? ಸ್ನಾನಕ್ಕೆ ಯಾರ ಚಪ್ಪಲಿ ಹಾಕಿಕೊಂಡು ಹೋದೆ?

ಓಡಾಡುವವರಿಗೇ ಹೆಚ್ಚು ಎಂದುಕೊಂಡಿದ್ದೆ. ನಾನು ಕಂಡದ್ದು ಬೇರೆ. ರಾತ್ರಿಯಿಡೀ ಬೂಟು ಬಿಚ್ಚದೆ ಪಹರೆ ನಿಂತವರ ಕಾಲೇ ಹೆಚ್ಚು ಕೆಟ್ಟಿತ್ತು. ಸ್ನಾನದ ಜಾಗದಲ್ಲಿ ಎಲ್ಲರೂ ಬರಿಗಾಲಲ್ಲಿ ನಿಲ್ಲುತ್ತಿದ್ದದ್ದು ಒಂದೇ ಒದ್ದೆ ಮರದ ಹಲಗೆಯ ಮೇಲೆ. ಬಾಗಿಲ ಬಳಿಯ ಚಪ್ಪಲಿ ಸಿಕ್ಕವನದು. ಎಲ್ಲರಿಗಿಂತ ಹೆಚ್ಚು ನರಳುತ್ತಿದ್ದವರು ಒಬ್ಬ ಹವಾಲ್ದಾರ್ ಸಾಬ್, ಮಹಾ ಶುಚಿ. ದಿನಕ್ಕೆ ಮೂರು ಸಲ ಸೋಪು ಹಚ್ಚಿ ಕಾಲು ತೊಳೆಯುತ್ತಿದ್ದರು, ಒರೆಸದೆ ಕಾಲುಚೀಲ ಏರಿಸುತ್ತಿದ್ದರು.

ಗಸ್ತಿನಿಂದ ಬಂದವರ ಬೂಟಿಗೆ ಹಳೇ ಪೇಪರ್ ತುರುಕಿಸಿ, ಜನರೇಟರ್ ಶೆಡ್ಡಿನಲ್ಲಿ ಹಗ್ಗ ಕಟ್ಟಿ ಕಾಲುಚೀಲ ಒಣಗಿಸಿದೆವು. (ಊರಿಂದ ಬರುತ್ತಿದ್ದ ಕನ್ನಡ ಪೇಪರನ್ನು ಮಾತ್ರ ನಾನು ಕೊಡುತ್ತಿರಲಿಲ್ಲ.) ಬೆರಳ ಸಂದಿ ಒರೆಸಲು ಬೇರೆ ಬಟ್ಟೆ. ಚಡ್ಡಿಗಿಂತ ಮೊದಲು ಕಾಲುಚೀಲ ಹಾಕಿಕೊಳ್ಳಿ ಎಂದಾಗ ಇಡೀ ಬ್ಯಾರಕ್ ನಕ್ಕಿತು. ಬರಿಗಾಲ ಮೇಲೆ ಚಡ್ಡಿ ಎಳೆದರೆ ಶಿಲೀಂಧ್ರ ತೊಡೆಸಂದಿಗೂ ಹತ್ತುತ್ತದೆ ಎಂದು ಬಿಡಿಸಿ ಹೇಳಿದ ಮೇಲೆ ನಗು ನಿಂತಿತು.

ತಪ್ಪು ನನ್ನಿಂದಲೂ ಆಗಿದೆ. ನನ್ನ ಕಾಲಿಗೇ ಹತ್ತಿದಾಗ ಬಜಾರಿನಿಂದ ಸ್ಟೀರಾಯ್ಡ್ ಬೆರೆತ ಟ್ಯೂಬು ತಂದು ಹಚ್ಚಿಕೊಂಡೆ. ಎರಡೇ ದಿನಕ್ಕೆ ತುರಿಕೆ ಮಾಯ. ಸ್ಟೀರಾಯ್ಡ್ ಅಡಗಿಸಿದ್ದು ತುರಿಕೆಯನ್ನಷ್ಟೇ, ತಿಂಗಳೊಳಗೆ ಶಿಲೀಂಧ್ರ ಪಾದದ ಮೇಲೆಲ್ಲ ಹರಡಿತ್ತು. ಆಮೇಲೆ ಶಿಲೀಂಧ್ರಕ್ಕೆಂದೇ ಇರುವ ಮುಲಾಮು ಕ್ಲೋಟ್ರಿಮಜೋಲ್ ಮಾತ್ರ, ತುರಿಕೆ ನಿಂತ ಮೇಲೂ ಬಿಡದೆ, ಒಟ್ಟು ನಾಲ್ಕು ವಾರ.

ಒಬ್ಬ ಹುಡುಗ ಬಿರುಕನ್ನು ಕಡೆಗಣಿಸಿದ್ದ. ಅದರಲ್ಲೇ ಬ್ಯಾಕ್ಟೀರಿಯಾ ಹೊಕ್ಕು ಮೊಣಕಾಲವರೆಗೆ ಕೆಂಪಗೆ ಊದಿ, ಜ್ವರ ಬಂದು, ಆಸ್ಪತ್ರೆಗೆ ಕಳಿಸಬೇಕಾಯಿತು. ಹವಾಲ್ದಾರ್ ಸಾಬ್‌ಗೆ ಮಾತ್ರ ಮುಲಾಮು ಹಚ್ಚಿದಷ್ಟೂ ಮರುಕಳಿಸುತ್ತಲೇ ಇತ್ತು. ಕೊನೆಗೊಂದು ದಿನ ಅವರ ಹೆಬ್ಬೆರಳ ಉಗುರು ನೋಡಿದೆ: ಹಳದಿ, ದಪ್ಪ, ಪುಡಿಪುಡಿ. ಶಿಲೀಂಧ್ರ ಅಲ್ಲೇ ಮನೆ ಮಾಡಿಕೊಂಡಿತ್ತು. ಅಷ್ಟೂ ದಿನ ನಾನು ನೋಡುತ್ತಿದ್ದದ್ದು ಸಂದಿಯನ್ನು ಮಾತ್ರ.