ಇಂಗ್ಲೆಂಡಿನ ಬಾಡಿಗೆ ಮನೆ: ಮೊದಲ ಹಣ ಯಾವ ಕೆಲಸಕ್ಕೆ?

ಇಂಗ್ಲೆಂಡಿನಲ್ಲಿ ಮನೆ ಕೊಂಡು ಬಾಡಿಗೆಗೆ ಕೊಡಲು ಹೊರಡುವ ನಮ್ಮವರು ಬಹುಮಟ್ಟಿಗೆ ಅಡುಗೆಮನೆಯ ಕಪಾಟು, ಹೊಸ ಬಣ್ಣ, ಕಾರ್ಪೆಟ್‌ಗಳಿಂದ ಕೆಲಸ ಆರಂಭಿಸುತ್ತಾರೆ. ಇಲ್ಲಿನ ಹವೆಯನ್ನೂ ಕಾನೂನನ್ನೂ ಬಲ್ಲವರು ಮೊದಲು ಹಣ ಹಾಕುವುದು ಮನೆಯನ್ನು ಬೆಚ್ಚಗಿಡುವ ಮತ್ತು ತೇವ ನಿಲ್ಲದಂತೆ ನೋಡಿಕೊಳ್ಳುವ ಕೆಲಸಗಳಿಗೆ.

ಬಾಡಿಗೆ ಮನೆಗೆ ಇಪಿಸಿ ಎಂಬ ಇಂಧನ ದಕ್ಷತೆಯ ಪ್ರಮಾಣಪತ್ರ ಬೇಕು. ಅದು ಹತ್ತು ವರ್ಷ ಊರ್ಜಿತವಾಗಿರುತ್ತದೆ. ಎ ಯಿಂದ ಜಿ ವರೆಗಿನ ದರ್ಜೆಗಳಲ್ಲಿ ಕನಿಷ್ಠ ಇ ಇರಬೇಕೆಂಬ ನಿಯಮ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2020ರ ಏಪ್ರಿಲ್ 1ರಿಂದ ಹಳೆಯ ಕರಾರುಗಳಿಗೂ ಅನ್ವಯಿಸುತ್ತಿದೆ. 2030ರ ವೇಳೆಗೆ ಇದನ್ನು ಸಿ ದರ್ಜೆಗೆ ಏರಿಸುವ ಉದ್ದೇಶವನ್ನು ಸರ್ಕಾರ ಪ್ರಕಟಿಸಿದೆ. ಯಾವ ಕೆಲಸ ಮಾಡಿದರೆ ದರ್ಜೆ ಎಷ್ಟು ಏರುತ್ತದೆ ಎಂಬುದನ್ನು ಆ ಪತ್ರವೇ ತಿಳಿಸುವುದರಿಂದ, ಕಂಟ್ರ್ಯಾಕ್ಟರನ್ನು ಕರೆಯುವ ಮೊದಲು ಅದನ್ನು ಓದುವುದು ಮೇಲು. ಅಟ್ಟದಲ್ಲಿ 270 ಮಿಲಿಮೀಟರ್ ದಪ್ಪದ ಇನ್ಸುಲೇಷನ್, ಅಂದರೆ ಶಾಖ ಹೊರಹೋಗದಂತೆ ತಡೆಯುವ ಪದರ, ಹಾಸುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗದ, ಬೇಗ ಫಲ ಕೊಡುವ ಕೆಲಸ. ವಿಕ್ಟೋರಿಯನ್ ಕಾಲದ ಸಾಲುಮನೆಗಳ ಇಟ್ಟಿಗೆ ಗೋಡೆಗಳ ನಡುವೆ ಟೊಳ್ಳು ಜಾಗ ಇರುವುದಿಲ್ಲವಾದ್ದರಿಂದ ಅಲ್ಲಿ ಗೋಡೆಗೆ ಇನ್ಸುಲೇಷನ್ ಮಾಡಿಸಲು ಖರ್ಚು ಹೆಚ್ಚು, ಎಚ್ಚರಿಕೆಯೂ ಹೆಚ್ಚು ಬೇಕು.

ಮನೆಯನ್ನು ಬೆಚ್ಚಗೆ ಮಾಡಿ ಗಾಳಿಯಾಡಲು ದಾರಿ ಬಿಡದಿದ್ದರೆ ಬೂಷ್ಟು ಬರುವುದು ಖಚಿತ. ಚಳಿಗಾಲದಲ್ಲಿ ಒಳಗೇ ಬಟ್ಟೆ ಒಣಗಿಸುವುದು, ಸ್ನಾನ, ಅಕ್ಕಿ ಬೇಳೆ ಬೇಯಿಸುವುದು ಇವೆಲ್ಲದರ ಆವಿ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕೂರುತ್ತದೆ; ಮಳೆಗಾಲದ ಮಲೆನಾಡಿನ ಮನೆಯನ್ನು ಕಂಡವರಿಗೆ ಇದು ಹೊಸದಲ್ಲ. ಆವಿಯನ್ನು ಒಳಗೇ ಸುತ್ತಿಸದೆ ಕೊಳವೆಯ ಮೂಲಕ ಹೊರಕ್ಕೆ ತಳ್ಳುವ ಎಕ್ಸ್‌ಟ್ರಾಕ್ಟರ್ ಫ್ಯಾನನ್ನು ಬಚ್ಚಲಿಗೂ ಅಡುಗೆಮನೆಗೂ ಹಾಕಿಸಬೇಕು. ಬೂಷ್ಟಿನ ಮೇಲೆ ಬಣ್ಣ ಬಳಿದು ಮನೆ ತೋರಿಸುವುದು ತಪ್ಪು, ಅಪಾಯಕರವೂ ಹೌದು: 2020ರಲ್ಲಿ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದಾಗಿಯೇ ತೀರಿಕೊಂಡಿತು. ತೇವ, ಬೂಷ್ಟಿನಂಥ ಅಪಾಯಗಳನ್ನು ಮಾಲೀಕರು ಗೊತ್ತಾದ ಗಡುವಿನೊಳಗೆ ಸರಿಪಡಿಸಬೇಕೆನ್ನುವ, ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್‌ನಲ್ಲಿ ಸಾರ್ವಜನಿಕ ವಸತಿಗಳಲ್ಲಿ ಜಾರಿಗೆ ಬಂದಿತು. ಅದನ್ನು ಖಾಸಗಿ ಬಾಡಿಗೆ ಮನೆಗಳಿಗೂ ವಿಸ್ತರಿಸಲು ಶಾಸನದಲ್ಲಿ ಈಗಾಗಲೇ ಅವಕಾಶ ಮಾಡಲಾಗಿದೆ.

ಸುರಕ್ಷತೆಯ ವಿಷಯದಲ್ಲಿ ಆಯ್ಕೆಯೇ ಇಲ್ಲ. ಗ್ಯಾಸ್ ತಪಾಸಣೆ ಪ್ರತಿ ವರ್ಷ, ವಿದ್ಯುತ್ ತಪಾಸಣೆ ಐದು ವರ್ಷಕ್ಕೊಮ್ಮೆ, ಪ್ರತಿ ಅಂತಸ್ತಿನಲ್ಲೂ ಹೊಗೆ ಎಚ್ಚರಿಸುವ ಅಲಾರಂ.

ಬಾಡಿಗೆ ಏರಿಸುವ ಆಸೆಯಿದ್ದರೆ ಸುಧಾರಣೆಯ ಸಮಯ ಬಹಳ ಮುಖ್ಯ. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯ ಪ್ರಕಾರ, 2026ರ ಮೇ 1ರಿಂದ ಜಾಹೀರಾತಿನಲ್ಲಿ ಹೇಳಿದ ಬಾಡಿಗೆಗಿಂತ ಹೆಚ್ಚು ಕೊಡುತ್ತೇನೆಂದು ಯಾರಾದರೂ ಮುಂದೆ ಬಂದರೂ ಮಾಲೀಕರು ಒಪ್ಪುವಂತಿಲ್ಲ. ಆಮೇಲೆ ಏರಿಸುವುದೂ ವರ್ಷಕ್ಕೊಮ್ಮೆ ಮಾತ್ರ, ಅದೂ ಎರಡು ತಿಂಗಳ ನೋಟಿಸ್ ಕೊಟ್ಟು. ಹೆಚ್ಚಾಯಿತೆನಿಸಿದರೆ ಬಾಡಿಗೆದಾರರು ನ್ಯಾಯಮಂಡಳಿಗೆ ಹೋಗಬಹುದು. ಆದ್ದರಿಂದ ಕೆಲಸವನ್ನು ಮುಗಿಸಿಯೇ ಜಾಹೀರಾತು ಕೊಡಬೇಕು. ಸಾಕುಪ್ರಾಣಿ ಇಟ್ಟುಕೊಳ್ಳಲು ಕೇಳಿದಾಗ ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ ಎಂಬುದು ಅದೇ ಕಾಯ್ದೆಯಲ್ಲಿರುವುದರಿಂದ, ಬೇಗ ಸವೆಯದ, ಒರೆಸಲು ಬರುವ ನೆಲವನ್ನು ಆರಿಸುವುದು ಜಾಣತನ.

ತೆರಿಗೆಯಲ್ಲಿ ದುರಸ್ತಿ ಬೇರೆ, ಸುಧಾರಣೆ ಬೇರೆ. ಹಳೆಯ ಅಡುಗೆಮನೆಯನ್ನು ತೆಗೆದು ಅದೇ ಮಟ್ಟದ್ದನ್ನು ಕೂರಿಸಿದರೆ ಅದು ದುರಸ್ತಿ. ಆ ವರ್ಷದ ಬಾಡಿಗೆ ವರಮಾನದಿಂದಲೇ ಕಳೆಯಬಹುದು. ಒಂಟಿ ಗಾಜಿನ ಕಿಟಕಿಗೆ ಬದಲಾಗಿ ಜೋಡಿ ಗಾಜಿನದನ್ನು ಹಾಕಿದರೂ ತೆರಿಗೆ ಇಲಾಖೆ ಅದನ್ನು ದುರಸ್ತಿಯೆಂದೇ ಪರಿಗಣಿಸುತ್ತದೆ. ಹೊಸ ಕೋಣೆ ಕಟ್ಟಿಸುವುದು, ಅಟ್ಟವನ್ನು ಮಲಗುವ ಕೋಣೆ ಮಾಡುವುದು ಬಂಡವಾಳ ವೆಚ್ಚ. ಅದರ ಲಾಭ ಸಿಗುವುದು ಮನೆ ಮಾರುವಾಗ, ಕ್ಯಾಪಿಟಲ್ ಗೇನ್ಸ್ ಲೆಕ್ಕದಲ್ಲಿ. ರಸೀದಿಗಳನ್ನು ಅಲ್ಲಿಯವರೆಗೆ ಕಾಪಾಡಿಕೊಳ್ಳಬೇಕು, ಬೆಂಗಳೂರಿಗೆ ಮರಳಿ ನೆಲೆಸಿದ ಮೇಲೂ.

ಇಲ್ಲಿ ಫ್ಲಾಟನ್ನು ಸಾಮಾನ್ಯವಾಗಿ ದೀರ್ಘಾವಧಿಯ ಲೀಸ್ ಮೇಲೆ ಕೊಳ್ಳುವುದರಿಂದ, ಫ್ಲಾಟ್ ಕೊಂಡವರು ಗೋಡೆ ಒಡೆಯುವ ಮೊದಲು ಲೀಸ್ ಪತ್ರವನ್ನು ನೋಡಬೇಕು. ಇಂಥ ಬದಲಾವಣೆಗೆ ಕಟ್ಟಡದ ಒಡೆಯರ ಲಿಖಿತ ಒಪ್ಪಿಗೆ ಬೇಕಾಗುವುದೇ ಹೆಚ್ಚು. ಅಟ್ಟದಲ್ಲಿ ಕೋಣೆ ಮಾಡಿಸಿದವರು ಕಟ್ಟಡ ನಿಯಮಗಳ ಅನುಮೋದನೆಯ ಪತ್ರವನ್ನು ಕಡ್ಡಾಯವಾಗಿ ಪಡೆಯಬೇಕು. ಅದಿಲ್ಲದಿದ್ದರೆ ಮಾರುವ ಹೊತ್ತಿಗೆ ಕೊಳ್ಳುವವರ ವಕೀಲರು ಅಲ್ಲಿಯೇ ತಡೆಯುತ್ತಾರೆ, ಕಟ್ಟಿಸಿದ ಕೋಣೆಯನ್ನು ಮಲಗುವ ಕೋಣೆಯೆಂದು ಲೆಕ್ಕಕ್ಕೆ ಹಿಡಿಯಲು ಒಪ್ಪುವುದಿಲ್ಲ.