ಲೆಕ್ಕದ ಪೀರಿಯಡ್‌ಗೆ ಡೈರಿ: ಶಿಡ್ಲಘಟ್ಟ ಕಡೆಯ ನನ್ನ ಅನುಭವ

ಒಂಬತ್ತನೇ ತರಗತಿಯವರ ಕೈಲಿ ಗಣಿತಕ್ಕೆ ಡೈರಿ ಬರೆಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. "ಸಿಲಬಸ್ ಮುಗಿಸೋದೇ ಕಷ್ಟ, ಇದೆಲ್ಲ ಬಿ.ಇಡಿ. ಫೈಲಿಗೆ ಸರಿ" ಅಂದರು. ಈಗ ಮೂರನೇ ಬ್ಯಾಚ್ ನಡೀತಿದೆ. ಹಾಗೆ ಅಂದವರಲ್ಲೇ ಇಬ್ಬರು ತಮ್ಮ ಪಾಠಕ್ಕೂ ಬರೆಸುತ್ತಿದ್ದಾರೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ. ಸೆಕ್ಷನ್‌ಗೆ ನಲವತ್ತರ ಹತ್ತಿರ ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ತೆಲುಗು ಮಾತು, ರೇಷ್ಮೆ ಕಸುಬು.

ಮೊದಮೊದಲು "ಇವತ್ತು ಏನು ಕಲಿತೆ?" ಅಂತ ಬೋರ್ಡ್ ಮೇಲೆ ಬರೆಯುತ್ತಿದ್ದೆ. "ಇವತ್ತು ಬಹುಪದೋಕ್ತಿ ಕಲಿತೆ. ಪಾಠ ಚೆನ್ನಾಗಿತ್ತು." ಇಡೀ ಬೆಂಚಿಗೆ ಇದೇ ವಾಕ್ಯ. ಎಫ್‌ಎ (ವರ್ಷದ ನಡುವಿನ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಸೇರಿಸಿ ಅಂಕ ಕೊಟ್ಟು ನೋಡಿದೆ. ಇನ್ನೂ ಕೆಟ್ಟಿತು. ಅಕ್ಷರ ದುಂಡಗಾಯ್ತು, ನನ್ನ ಹೊಗಳಿಕೆ ಜಾಸ್ತಿಯಾಯ್ತು, ವಿಷಯ ಸೊನ್ನೆ. ಕಾಗುಣಿತ ತಿದ್ದಿದಾಗ ತಪ್ಪಾಗದ ಪದಗಳನ್ನಷ್ಟೇ ಬರೆಯತೊಡಗಿದರು.

ಕೆಲಸ ಮಾಡಿದ್ದು ಪ್ರಶ್ನೆ ಬದಲಾದ ಮೇಲೆ. "ಯಾವ ಸಾಲಿನಲ್ಲಿ ಕೈ ನಿಂತಿತು? ಆ ಸಾಲನ್ನು ಬರಿ. ಆಗ ತಲೆಯಲ್ಲಿ ಏನು ಓಡ್ತಿತ್ತು, ಅದನ್ನೂ ಬರಿ." ಅಂಕ ಇಲ್ಲ, ಕೆಂಪು ಪೆನ್ ಇಲ್ಲ. ಕನ್ನಡ ಲಿಪಿಯಲ್ಲಿ ತೆಲುಗು ಬರೆದರೂ ಸರಿ. ವಾರಕ್ಕೆ ಎರಡು ಸಲ, ಪೀರಿಯಡ್‌ನ ಕೊನೆಯ ಏಳೆಂಟು ನಿಮಿಷ.

ಒಬ್ಬ ಹುಡುಗಿ ಬರೆದಳು: "ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಂದರೆ ಎರಡಕ್ಕೂ ವರ್ಗ ಹಾಕಿದರೆ ಮುಗೀತು ಅಲ್ವಾ? 2ಎಬಿ ಎಲ್ಲಿಂದ ಬಂತು?" ನಾನು ಉತ್ತರ ಬರೆಯಲಿಲ್ಲ. "3 ಮತ್ತು 4 ಹಾಕಿ ನೋಡು" ಅಂತಷ್ಟೇ ಕೆಳಗೆ ಬರೆದೆ. ಮುಂದಿನ ಪುಟದಲ್ಲಿ 49 ಇತ್ತು, 9 ಪ್ಲಸ್ 16 ಅಂದರೆ 25 ಇತ್ತು, ಉಳಿದ 24ರ ಸುತ್ತ ಒಂದು ಗುಂಡು ಗೆರೆ. ಅದರ ಕೆಳಗೆ ಬದಿ ಏಳು ಇರುವ ಒಂದು ಚೌಕ ಬರೆದು, ಅದನ್ನು 3 ಮತ್ತು 4ಕ್ಕೆ ಭಾಗ ಮಾಡಿ, ಮೂಲೆಯ ಎರಡು ಆಯತಗಳಲ್ಲಿ 12, 12 ಅಂತ ತುಂಬಿದ್ದಳು. ಇದೇ ಹುಡುಗಿ ಸೂತ್ರದ ಟೆಸ್ಟಿನಲ್ಲಿ ಪೂರ್ತಿ ಅಂಕ ತೆಗೆದಿದ್ದಳು. ಸರಿ ಉತ್ತರದ ಹಿಂದೆ ಏನು ಅಡಗಿದೆ ಅಂತ ಟೆಸ್ಟ್ ಪೇಪರ್ ನನಗೆ ಯಾವತ್ತೂ ಹೇಳಿರಲಿಲ್ಲ. ಇನ್ನೊಂದು ವಾರ ಹತ್ತು ಜನರಾದರೂ "ಮೈನಸ್ ಆ ಕಡೆ ಹೋದರೆ ಪ್ಲಸ್ ಯಾಕೆ ಆಗುತ್ತೆ?" ಅಂತ ಕೇಳಿದ್ದರು. ಮಾರನೇ ದಿನ ಹೊಸ ಅಧ್ಯಾಯ ಬಿಟ್ಟು, ಎರಡೂ ಕಡೆ ಒಂದೇ ಸಂಖ್ಯೆ ಕೂಡಿಸೋದರಿಂದ ಮತ್ತೆ ಶುರು ಮಾಡಿದೆ. ಡೈರಿಯಲ್ಲಿ ಬಂದದ್ದು ಮಾರನೇ ದಿನದ ಪಾಠದಲ್ಲಿ ಕಾಣಲೇಬೇಕು. ಕಾಣದಿದ್ದರೆ ಎರಡೇ ವಾರಕ್ಕೆ ಮಕ್ಕಳು ಮತ್ತೆ "ಪಾಠ ಚೆನ್ನಾಗಿತ್ತು"ಗೆ ಹೋಗ್ತಾರೆ.

ದುಡ್ಡಿನ ವಿಷಯ. ಮೊದಲ ವರ್ಷ ಇಪ್ಪತ್ತೈದು, ಮೂವತ್ತು ರೂಪಾಯಿಯ ನೋಟ್‌ಬುಕ್ ಕೊಂಡೆ. ಸಾವಿರದ ಮೇಲೆ ನನ್ನ ಜೇಬಿನಿಂದ ಹೋಯ್ತು. ಮನೆಗೆ ಒಯ್ದ ಪುಸ್ತಕಗಳಲ್ಲಿ ಕಾಲು ಭಾಗ ವಾಪಸ್ ಬರಲಿಲ್ಲ. ಈಗ ಒಂದು ರೀಮ್ (500) ಎ4 ಹಾಳೆ ಸಾಕು, ಮುನ್ನೂರು ರೂಪಾಯಿ ಆಸುಪಾಸು. 12 ಹಾಳೆ ಮಡಚಿದರೆ 48 ಪುಟ, ನಲವತ್ತು ಮಕ್ಕಳಿಗೆ 480 ಹಾಳೆ. ಸಾಮಾನ್ಯ ಸ್ಟೇಪ್ಲರ್ ನಡುಮಡಿಕೆಗೆ ಎಟುಕಲ್ಲ. ದಬ್ಬಳ, ದಾರ ಕೊಟ್ಟು ಮಕ್ಕಳ ಕೈಲೇ ಹೊಲಿಸಿ. ರಟ್ಟಿಗೆ ಹಳೇ ಕ್ಯಾಲೆಂಡರ್. ಪುಸ್ತಕ ಶಾಲೆಯ ಬೀರುವಿನಲ್ಲೇ ಇರುತ್ತೆ.

ಎಲ್ಲವನ್ನೂ ಒಂದೇ ದಿನ ಓದಲು ಹೋಗಬೇಡಿ. ದಿನಕ್ಕೆ ಒಂದು ಸಾಲು ಬೆಂಚಿನವರದು, ಎಂಟು ಹತ್ತು ಪುಸ್ತಕ, ಇಪ್ಪತ್ತು ನಿಮಿಷ. ಒಂದು ಪುಸ್ತಕಕ್ಕೆ ಒಂದೇ ಮರುಪ್ರಶ್ನೆ.

ಬರೆಯಲು ಒಲ್ಲದವರಿಗೆ ಮೊಬೈಲ್‌ನಲ್ಲಿ ಮಾತಾಡಿಸಿ ರೆಕಾರ್ಡ್ ಮಾಡಿದ್ದೂ ಆಯ್ತು. ಕೇಳಲು ಓದೋದಕ್ಕಿಂತ ಮೂರು ಪಟ್ಟು ಹೊತ್ತು ಬೇಕು, ಕೈಬಿಟ್ಟೆ. ಅಂಥವರಿಂದ ಮೊದಲ ಸಾಲು ಬರೆಸುವ ಪ್ರಶ್ನೆಯೊಂದು ನನ್ನ ಹತ್ತಿರ ಇದೆ. ಮಕ್ಕಳಿಗೆ ಮೊದಲೇ ಗೊತ್ತಾದರೆ ಅದು ನಡೆಯಲ್ಲ, ಹಾಗಾಗಿ ಇಲ್ಲಿ ಹೇಳಲ್ಲ.

ಡೈರಿ ಪುಟದ ಮೂಲೆಯಲ್ಲಿ "ನಿನ್ನೆ ಮನೇಲಿ ಮಾಡಿದ ಕೆಲಸ" ಅಂತ ಒಂದು ಸಾಲು ಸೇರಿಸಿದ್ದು ಸುಮ್ನೆ ನೋಡೋಣ ಅಂತ. ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲಿನ ಒಂದು ವಾರ ಮನೆಯವರೆಲ್ಲ ಸೊಪ್ಪು ಹಾಕೋದೇ ಕೆಲಸ, ಆಮೇಲೆ ಹಣ್ಣು ಹುಳ, ಅಂದರೆ ಗೂಡು ಕಟ್ಟಲು ಸಿದ್ಧವಾದವನ್ನು ಆರಿಸಿ, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡೋದು. ಆ ದಿನಗಳ ಬರಹ ಎರಡು ಸಾಲಿಗೆ ಇಳಿಯುತ್ತಿತ್ತು, ಟೆಸ್ಟಿನಲ್ಲೂ ಅದೇ ಮಕ್ಕಳು ಕೆಳಗೆ. ಒಂದೊಂದು ಮನೆಯ ಬೆಳೆ ಒಂದೊಂದು ಸಮಯಕ್ಕೆ ಬರೋದರಿಂದ ಟೆಸ್ಟ್ ತಾರೀಖು ಎಲ್ಲರಿಗೂ ಬದಲಾಯಿಸಲು ಆಗಲ್ಲ. ಗೂಡು ಮಾರ್ಕೆಟ್‌ಗೆ ಹೋದ ಮೇಲೆ ಆ ಮಗುವಿಗೆ ಮಾತ್ರ ಟೆಸ್ಟ್ ಇನ್ನೊಮ್ಮೆ ಕೊಡುತ್ತೇನೆ. ಇಷ್ಟಕ್ಕೇ ಮೂರ್ನಾಲ್ಕು ಮಕ್ಕಳು ಮೇಲೆ ಬಂದರು.

ಹಿಂದೆ ಹೇಳಿಕೆ ಲೆಕ್ಕಗಳನ್ನು ಖಾಲಿ ಬಿಡುವವರು ಹದಿನೈದರಷ್ಟು ಇರುತ್ತಿದ್ದರು. ಈಗ ನಾಲ್ಕೈದು. ಸಿಲಬಸ್ ಕೂಡ ಮುಗಿದಿದೆ, ಎರಡೂ ವರ್ಷ. ಈ ಸಲ ಡೈರಿಗಳನ್ನು ಹತ್ತನೇ ತರಗತಿಗೂ ಒಯ್ಯುತ್ತಿದ್ದೇವೆ. ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆ ಗೈಡ್ ಬದಲು, ತಾವು ಎಲ್ಲೆಲ್ಲಿ ನಿಂತಿದ್ದೆವು ಅನ್ನೋದನ್ನು ಅವರು ಓದಲಿ ಅಂತ.